ಕೋಷ್ಟಕಮಣಿದರ್ಪಣ: ಎಸ್‌ಕ್ಯೂಎಲ್ ಭಾಷೆಯ ಕನ್ನಡ ಮೂಲ

ಕೋಷ್ಟಕಗಳಲ್ಲಿ ತುಂಬಿಟ್ಟ ದತ್ತಾಂಶವನ್ನು ಹುಡುಕಲು, ಸೇರಿಸಲು, ತಿದ್ದಲು, ಅಳಿಸಲು ಜಗತ್ತೆಲ್ಲ ಬಳಸುವ ಎಸ್‌ಕ್ಯೂಎಲ್ ಕನ್ನಡದ ಒಂದು ಉಪಭಾಷೆ. ಈ ಸಂಗತಿ ಇಷ್ಟು ಕಾಲ ಬೆಳಕಿಗೆ ಬಾರದಿರಲು ಕಾರಣ ಸರಳ. ವ್ಯಾಕರಣ ಬಲ್ಲವರು ಡೇಟಾಬೇಸ್ ಮುಟ್ಟುವುದಿಲ್ಲ. ಡೇಟಾಬೇಸ್ ಮುಟ್ಟುವವರು ಹತ್ತನೇ ತರಗತಿಯ ಕನ್ನಡ ಪರೀಕ್ಷೆ ಮುಗಿದ ಸಂಜೆಯೇ ವ್ಯಾಕರಣವನ್ನು ಮರೆತಿರುತ್ತಾರೆ.

ಚರಿತ್ರೆಯ ಸಾಕ್ಷ್ಯವನ್ನು ಮೊದಲು ನೋಡತಕ್ಕದ್ದು. ದತ್ತಾಂಶವನ್ನು ಕೋಷ್ಟಕಗಳಾಗಿ ಕಾಣುವ ಸಂಬಂಧಾತ್ಮಕ ಮಾದರಿಯನ್ನು 1970ರಲ್ಲಿ ಮಂಡಿಸಿದವರು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್. ಈ ಹೆಸರು ಕನ್ನಡದ ‘ಕಾಡು’ ಧಾತುವಿನಿಂದ ಬಂದದ್ದೆಂಬ ಬಗ್ಗೆ ಅವರ ‘ನಾರ್ಮಲ್ ಫಾರ್ಮ್’ ಎಂಬ ಕೋಷ್ಟಕ ನಿಯಮಗಳನ್ನು ಪರೀಕ್ಷೆಗೆ ಓದಿದ ವಿದ್ಯಾರ್ಥಿಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. 1974ರಲ್ಲಿ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಈ ಮಾದರಿಗೊಂದು ಪ್ರಶ್ನಭಾಷೆ ಕಟ್ಟಿ ‘ಸ್ಟ್ರಕ್ಚರ್ಡ್ ಇಂಗ್ಲಿಷ್ ಕ್ವೆರಿ ಲ್ಯಾಂಗ್ವೇಜ್’, ಚಿಕ್ಕದಾಗಿ ‘ಸೀಕ್ವೆಲ್’ ಎಂದು ಕರೆದರು. ಆ ಹೆಸರು ಬ್ರಿಟನ್ನಿನ ವಿಮಾನ ಕಂಪನಿಯೊಂದರ ಟ್ರೇಡ್‌ಮಾರ್ಕ್ ಆಗಿದ್ದರಿಂದ ಬದಲಾಯಿಸಬೇಕಾಯಿತು ಎಂಬುದು ಪ್ರಚಲಿತ ವಿವರಣೆ. ಆದರೆ ಬದಲಾದದ್ದು ಹೇಗೆ? ರೋಮನ್ ಲಿಪಿಯ ಆರು ಅಕ್ಷರಗಳಲ್ಲಿ ಮೂರು ಸ್ವರಗಳು ಬಿದ್ದುಹೋಗಿ ಎಸ್, ಕ್ಯೂ, ಎಲ್ ಎಂಬ ಮೂರು ವ್ಯಂಜನಗಳು ಉಳಿದವು. ಇದು ಶುದ್ಧ ಲೋಪಸಂಧಿ. ಸ್ವರಗಳ ಜೊತೆಗೆ ಹೆಸರಿನೊಳಗಿದ್ದ ‘ಇಂಗ್ಲಿಷ್’ ಕೂಡ ಲೋಪವಾಗಿದೆ. ಇದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಬೇಕಿಲ್ಲ.

ಇಲ್ಲಿ ಪೂರ್ವಪಕ್ಷದವರು ಒಂದು ಆಕ್ಷೇಪ ಎತ್ತುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಎಸ್‌ಕ್ಯೂಎಲ್ ವಾಕ್ಯ ‘ಸೆಲೆಕ್ಟ್’ ಎಂಬ ಕ್ರಿಯಾಪದದಿಂದಲೇ ಶುರುವಾಗುತ್ತದಲ್ಲ? ಬರೆಯುವಾಗ ಹೌದು, ನಡೆಯುವಾಗ ಅಲ್ಲ. ತರ್ಕದ ಕ್ರಮದಲ್ಲಿ ಮೊದಲು ‘ಫ್ರಮ್’, ಆಮೇಲೆ ‘ವೇರ್’, ಬಳಿಕ ‘ಗ್ರೂಪ್ ಬೈ’, ‘ಹ್ಯಾವಿಂಗ್’. ಇಷ್ಟಾದ ಮೇಲೆಯೇ ‘ಸೆಲೆಕ್ಟ್’. ಅಂದರೆ ‘ಪಟ್ಟಿಯಿಂದ, ಮೈಸೂರಿನವರಾದ, ಎಲ್ಲರ ಹೆಸರನ್ನು, ಆರಿಸು.’ ಅಪ್ಪಟ ಕನ್ನಡ ವಾಕ್ಯ. ಸೆಲೆಕ್ಟ್ ಸಾಲಿನಲ್ಲಿ ಒಂದು ಲೆಕ್ಕಕ್ಕೆ ‘ಒಟ್ಟು’ ಎಂದು ಹೆಸರಿಟ್ಟು ಅದನ್ನು ವೇರ್ ಸಾಲಿನಲ್ಲಿ ಬಳಸಿದ ಹೊಸಬರು ಅಂಥ ಕಾಲಂ ಇಲ್ಲವೆಂದು ಬೈಸಿಕೊಳ್ಳುವುದೂ, ಅದೇ ಹೆಸರು ‘ಆರ್ಡರ್ ಬೈ’ ಸಾಲಿನಲ್ಲಿ ತಕರಾರಿಲ್ಲದೆ ನಡೆಯುವುದೂ ಇದೇ ಕಾರಣಕ್ಕೆ: ವೇರ್ ನಡೆಯುವ ಹೊತ್ತಿಗೆ ‘ಒಟ್ಟು’ ಇನ್ನೂ ಹುಟ್ಟಿರುವುದಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆ 2007ರಲ್ಲಿ ತಂದ ಲಿಂಕ್ ಎಂಬ ಪ್ರಶ್ನರಚನೆಯಲ್ಲಿ ಫ್ರಮ್ ಮೊದಲಿಗೂ ಸೆಲೆಕ್ಟ್ ಕೊನೆಗೂ ಬಂದು ಕೂತಿವೆ. ಇನ್ನು ಈ ಫ್ರಮ್ ತೃತೀಯಾ ವಿಭಕ್ತಿಯೋ ಪಂಚಮಿಯೋ ಎಂಬ ಪ್ರಶ್ನೆ. ಕನ್ನಡಕ್ಕೆ ಪಂಚಮಿಯೇ ಇಲ್ಲವೆಂಬ ಹಳೆಯ ಜಗಳ ತೀರುವವರೆಗೆ ಅದನ್ನು ಮುಟ್ಟದಿರುವುದು ಕ್ಷೇಮ.

ಈಗ ಸಂಧಿಪ್ರಕರಣ. ಕನ್ನಡ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ದತ್ತಾಂಶವನ್ನು ಬದಲಿಸುವ ಆಜ್ಞೆಗಳೂ ಮೂರು: ‘ಡಿಲೀಟ್’, ‘ಇನ್ಸರ್ಟ್’, ‘ಅಪ್‌ಡೇಟ್’. ಇದ್ದದ್ದು ಹೋದರೆ ಲೋಪ, ಇಲ್ಲದ್ದು ಬಂದರೆ ಆಗಮ, ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಆದೇಶ. ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನಿಗೆ ಇದು ಗೊತ್ತಿತ್ತು. ಅವನಿಗಿದ್ದ ಕೊರತೆ ವಿದ್ಯುತ್ತಿನದು ಮಾತ್ರ. ಓದುವುದಷ್ಟೇ ಮಾಡಿ ಏನನ್ನೂ ಬದಲಿಸದ ಸೆಲೆಕ್ಟ್ ಎಲ್ಲಿಗೆ ಸೇರುತ್ತದೆ ಎಂದರೆ, ‘ಅಬ್ಬಾ ಇದೇನು’ ಎಂಬಲ್ಲಿ ಸ್ವರದೆದುರು ಸ್ವರ ಬಂದರೂ ಸಂಧಿಯಾಗದೆ ಇದ್ದಂತೆಯೇ ಉಳಿಯುವ ಪ್ರಕೃತಿಭಾವಕ್ಕೆ. ಇರುವ ಸಾಲನ್ನು ತಿದ್ದು, ಇಲ್ಲದಿದ್ದರೆ ಸೇರಿಸು ಎನ್ನುವ ‘ಅಪ್‌ಸರ್ಟ್’ ಎಂಬ ಮಿಶ್ರಸಂಧಿಯೂ ಬಳಕೆಯಲ್ಲಿದೆ.

ಸಂಧಿಗೆ ನಿಮಿತ್ತ ಬೇಕು. ‘ಮಳೆ’ಯ ಮುಂದೆ ‘ಕಾಲ’ ಬಂದರೆ ಕಕಾರಕ್ಕೆ ಗಕಾರ ಆದೇಶವಾಗಿ ‘ಮಳೆಗಾಲ’ ಆಗುವುದು ಅದು ಉತ್ತರಪದದ ಆದಿಯಲ್ಲಿದೆ ಎಂಬ ನಿಮಿತ್ತದಿಂದ. ಈ ನಿಮಿತ್ತವನ್ನು ಎಸ್‌ಕ್ಯೂಎಲ್ ವೈಯಾಕರಣರು ವೇರ್ ಎಂದು ಕರೆಯುತ್ತಾರೆ. ನಿಮಿತ್ತವಿಲ್ಲದೆ ಆದೇಶ ಹೊರಟರೆ ಕ, ತ, ಪಗಳೆಲ್ಲ ಎಲ್ಲೆಲ್ಲಿದ್ದರೂ ಗ, ದ, ಬ ಆಗಿ, ಕತ್ತೆಯು ಗದ್ದೆಯಾಗುತ್ತದೆ. ವೇರ್ ಮರೆತ ಅಪ್‌ಡೇಟ್ ಮಾಡುವುದೂ ಇಷ್ಟೇ. ಒಬ್ಬ ವಿದ್ಯಾರ್ಥಿಯ ಊರನ್ನು ಧಾರವಾಡ ಎಂದು ತಿದ್ದಲು ಹೋದಲ್ಲಿ ಇಡೀ ಶಾಲೆ ಒಂದೇ ಕ್ಷಣದಲ್ಲಿ ಧಾರವಾಡಕ್ಕೆ ವಲಸೆ ಹೋಗುತ್ತದೆ. ವೇರ್ ಇಲ್ಲದ ಡಿಲೀಟ್‌ಗೆ ಉದಾಹರಣೆ ಕೊಡುವಂತಿಲ್ಲ, ಉಳಿದಿರುವುದಿಲ್ಲ.

ಪರಿಹಾರವೂ ವ್ಯಾಕರಣದಲ್ಲಿಯೇ ಇದೆ. ಆದೇಶಕ್ಕೆ ಮುನ್ನ ಅದೇ ವೇರ್ ಹಾಕಿ ಪ್ರಕೃತಿಭಾವದಿಂದ ಒಮ್ಮೆ ಓದಿ, ಎಷ್ಟು ಸಾಲು ಸಿಗುತ್ತವೆಂದು ಎಣಿಸಬೇಕು. ಆಮೇಲೆ ‘ಬಿಗಿನ್’ ಎಂದು ವ್ಯವಹಾರ ತೆರೆದು ತಿದ್ದಬೇಕು. ತಿದ್ದಿದ ಸಾಲುಗಳ ಸಂಖ್ಯೆ ಮೊದಲಿನದಕ್ಕೆ ಹೊಂದಿದರೆ ‘ಕಮಿಟ್’ ಎಂದು ಖಾಯಂ ಮಾಡಬೇಕು, ಇಲ್ಲವಾದರೆ ‘ರೋಲ್‌ಬ್ಯಾಕ್’ ಎಂದು ರದ್ದುಮಾಡಬೇಕು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ ಹೇಳದೆಯೇ ಪ್ರತಿ ಆಜ್ಞೆಯೂ ಕಮಿಟ್ ಆಗುವುದು ರೂಢಿಯಾದ್ದರಿಂದ ಬಿಗಿನ್ ಮರೆತವರಿಗೆ ರೋಲ್‌ಬ್ಯಾಕ್ ಉಪಯೋಗಕ್ಕೆ ಬಾರದು. ಅದರ ಕಮಾಂಡ್ ಲೈನ್‌ನಲ್ಲಿ ವೇರ್ ಅಥವಾ ಲಿಮಿಟ್ ಇಲ್ಲದ ಅಪ್‌ಡೇಟ್, ಡಿಲೀಟ್‌ಗಳನ್ನು ತಡೆಯುವ ಸ್ವಿಚ್ ಒಂದಿದೆ. ಅದರ ಎರಡು ಹೆಸರುಗಳಲ್ಲಿ ಒಂದು ‘ಸೇಫ್ ಅಪ್‌ಡೇಟ್ಸ್’, ಇನ್ನೊಂದು ‘ಐ ಆ್ಯಮ್ ಎ ಡಮ್ಮಿ’, ಅಂದರೆ ‘ನಾನೊಬ್ಬ ಪೆದ್ದ’. ಪೆದ್ದತನವನ್ನು ಮುಂಚಿತವಾಗಿ ಘೋಷಿಸಿಕೊಂಡವರಿಗೆ ರಕ್ಷಣೆ ಕೊಡುವ ಶಾಸ್ತ್ರಗ್ರಂಥ ಬೇರಾವುದೂ ಇದ್ದಂತಿಲ್ಲ.

ಕೋಷ್ಟಕಗಳನ್ನು ಕೂಡಿಸುವ ‘ಜಾಯಿನ್’ ಸಮಾಸವೇ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಗಮನಿಸತಕ್ಕದ್ದು ಅರಿಸಮಾಸ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಕಟ್ಟಬಾರದೆಂಬ ನಿಯಮದಂತೆ, ಅಂಕಿಯ ಕಾಲಂಗೆ ಪಠ್ಯದ ಕಾಲಂ ಕಟ್ಟಲು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಒಪ್ಪುವುದಿಲ್ಲ. ಮೈಎಸ್‌ಕ್ಯೂಎಲ್ ಉದಾರಿ. ಪಠ್ಯವನ್ನು ತಾನೇ ಅಂಕಿಯಾಗಿಸಿಕೊಂಡು, ಅಂಕಿಯೇ ಇಲ್ಲದ ಪದವನ್ನು ಸೊನ್ನೆಯೆಂದು ಬಗೆದು, ‘ಬಾಳೆಹಣ್ಣು’ ಮತ್ತು 0 ಸಮವೆಂದು ಸಾರುತ್ತದೆ.

ಈ ಸಂಶೋಧನೆಯ ಅತ್ಯಂತ ಗಟ್ಟಿ ಪ್ರಮಾಣ ನಿಷೇಧದ್ದು. ಇಂಗ್ಲಿಷಿನ ‘ನಾಟ್’ ಒಂದೇ ಇರುವ ಕಡೆ ಕನ್ನಡದಲ್ಲಿ ‘ಅಲ್ಲ’ ಬೇರೆ, ‘ಇಲ್ಲ’ ಬೇರೆ. ಎಸ್‌ಕ್ಯೂಎಲ್‌ನಲ್ಲೂ ಅಸಮತೆಯ ಚಿಹ್ನೆ ‘ಅಲ್ಲ’, ‘ನಾಟ್ ಎಕ್ಸಿಸ್ಟ್ಸ್’ ‘ಇಲ್ಲ’. ಇವೆರಡರ ಜೊತೆಗೆ ‘ಗೊತ್ತಿಲ್ಲ’ ಎಂಬ ಮೂರನೆಯದೂ ಇದೆ, ಅದೇ ‘ನಲ್’. ನಲ್ ಸೊನ್ನೆಯಲ್ಲ, ಖಾಲಿ ಪಠ್ಯವೂ ಅಲ್ಲ (ಆರಕಲ್ ಡೇಟಾಬೇಸ್ ಮಾತ್ರ ಖಾಲಿ ಪಠ್ಯವನ್ನೂ ನಲ್ ಎನ್ನುತ್ತದೆ, ಮೌನವೂ ಅಜ್ಞಾನವೂ ಅದಕ್ಕೆ ಒಂದೇ). ಗೊತ್ತಿಲ್ಲದ್ದು ಗೊತ್ತಿಲ್ಲದ್ದಕ್ಕೆ ಸಮವೇ ಎಂದು ಕೇಳಿದರೆ ಉತ್ತರ ‘ಗೊತ್ತಿಲ್ಲ’. ಹಾಗಾಗಿ ಸಮಚಿಹ್ನೆ ಬಿಟ್ಟು ‘ಈಸ್ ನಲ್’ ಎಂದೇ ಕೇಳಬೇಕು. ಈ ಅಜ್ಞಾನದಲ್ಲೂ ‘ಇದೆ, ತಿಳಿಯದು’ ಮತ್ತು ‘ಅನ್ವಯಿಸುವುದೇ ಇಲ್ಲ’ ಎಂಬ ಎರಡು ಬಗೆಗಳಿರಬೇಕೆಂದು ಕಾಡ್ 1990ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಜಗತ್ತು ಒಂದನ್ನೇ ಅರಗಿಸಿಕೊಳ್ಳಲಾರದೆ ಒದ್ದಾಡುತ್ತಿದ್ದುದರಿಂದ ಎರಡನೆಯದು ಕೈಬಿಟ್ಟುಹೋಯಿತು.

ಮದುವೆಗೆ ಕರೆದವರದು ಒಂದು ಕೋಷ್ಟಕ, ಬಂದವರದು ಇನ್ನೊಂದು. ಬಾರದವರ ಪಟ್ಟಿ ಬೇಕಾಗಿ, ಕರೆದವರಲ್ಲಿ ಯಾರ ಹೆಸರು ಬಂದವರ ಕೋಷ್ಟಕದಲ್ಲಿಲ್ಲ ಎಂದು ‘ನಾಟ್ ಇನ್’ ಬಳಸಿ ಕೇಳಲಾಯಿತು ಎನ್ನೋಣ. ಬಂದವರಲ್ಲಿ ಒಬ್ಬ ಹೆಸರು ಬರೆಸದೆ ನೇರ ಪಂಕ್ತಿಗೆ ಹೋಗಿ ಕೂತಿದ್ದರೆ ಉತ್ತರ ಖಾಲಿ. ಏಕೆಂದರೆ ಆ ಅನಾಮಿಕ ಯಾರು ಬೇಕಾದರೂ ಆಗಿರಬಹುದು. ಶಿವಮೊಗ್ಗದ ಸೋದರಮಾವ ಬಂದಿಲ್ಲವೆಂದು ಎಸ್‌ಕ್ಯೂಎಲ್ ಪ್ರಮಾಣ ಮಾಡಿ ಹೇಳಲಾರದು. ಇವನಲ್ಲ, ಅವನಲ್ಲ ಎಂದು ಒಬ್ಬೊಬ್ಬರನ್ನೇ ಹೋಲಿಸುವ ನಾಟ್ ಇನ್ ಎಂಬ ‘ಅಲ್ಲ’ದ ಸರಪಣಿಯನ್ನು ಬಿಟ್ಟು ನಾಟ್ ಎಕ್ಸಿಸ್ಟ್ಸ್ ಎಂಬ ‘ಇಲ್ಲ’ವನ್ನು ಬಳಸಿದರೆ ಸೋದರಮಾವ ಸಿಕ್ಕಿಬೀಳುತ್ತಾನೆ. ಸರಾಸರಿಯಲ್ಲೂ ಇದೇ ಎಚ್ಚರ ಬೇಕು. 40 ಮಕ್ಕಳಲ್ಲಿ ಗೈರಾದ ನಾಲ್ವರ ಅಂಕ ನಲ್ ಆಗಿದ್ದರೆ ಭಾಗಾಕಾರ 36ರಿಂದ ನಡೆಯುತ್ತದೆ. ‘ಕೋಅಲೆಸ್’ ಹಾಕಿ ನಲ್ ಅನ್ನು ಸೊನ್ನೆ ಮಾಡಿದರೆ 40ರಿಂದ. ಶಾಲೆಯ ಸರಾಸರಿ ಏರಿಸಬೇಕೆಂದಿರುವವರಿಗೆ ಯಾವುದು ಹಿತವೆಂದು ವಿವರಿಸುವುದು ಈ ಗ್ರಂಥದ ವ್ಯಾಪ್ತಿಗೆ ಹೊರತು.

ಸಿದ್ಧಾಂತಕ್ಕೆ ತೊಡಕಾಗುವುದು ಒಂದೇ ಒಂದು ಸಂಗತಿ: ಈ ಕನ್ನಡ ಉಪಭಾಷೆಗೆ ಕನ್ನಡ ಎಣಿಸಲು ಬರುವುದಿಲ್ಲ. ‘ಕನ್ನಡ’ ಪದದ ಉದ್ದವನ್ನು ಮೈಎಸ್‌ಕ್ಯೂಎಲ್‌ನ ‘ಲೆಂಗ್ತ್’ ಯುಟಿಎಫ್-8ರಲ್ಲಿ 15 ಎನ್ನುತ್ತದೆ, ಅದು ಬೈಟ್‌ಗಳ ಲೆಕ್ಕ. ‘ಕ್ಯಾರ್ ಲೆಂಗ್ತ್’ ಅರ್ಧಾಕ್ಷರದ ಹಲಂತ ಚಿಹ್ನೆಯನ್ನೂ ಬಿಡಿಯಾಗಿ ಹಿಡಿದು 5 ಎನ್ನುತ್ತದೆ. ಅಕ್ಷರಮಾಲೆ ಕಲಿತ ಮಗು 3 ಎನ್ನುತ್ತದೆ. ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ‘ವಿಕಟಕವಿ’ಯನ್ನು ‘ರಿವರ್ಸ್’ಗೆ ಕೊಟ್ಟರೆ ಆರಂಭದಲ್ಲೇ ಒಂದು ಒಂಟಿ ಗುಡಿಸು ಬಂದು ಕೂರುತ್ತದೆ, ಹಿಂದೆ ‘ವಕಟಕಿವ’. ತವರು ಬಿಟ್ಟು ಬಹುಕಾಲ ಐಬಿಎಂನ ಕ್ಯಾಲಿಫೋರ್ನಿಯ ಕೇಂದ್ರದಲ್ಲಿದ್ದುದರಿಂದ ಭಾಷೆಗೆ ಲಿಪಿ ಮರೆತುಹೋಗಿದೆ ಎಂಬುದು ಇದಕ್ಕೆ ಸಮಾಧಾನ. ಅದು ಮತ್ತೆ ನೆನಪಾಗುವವರೆಗೆ ಹೆಸರಿನ ಕಾಲಂಗೆ ಅಗಲ ಕೊಡುವವರು ಅಕ್ಷರಗಳನ್ನು ಬೆರಳಲ್ಲಿ ಎಣಿಸಬಾರದು. ‘ಮಲ್ಲಿಕಾರ್ಜುನ’ದಲ್ಲಿ ಅಕ್ಷರ ಐದಾದರೂ ಯೂನಿಕೋಡ್ ಸಂಕೇತಗಳು 12. ಹತ್ತರ ಕಾಲಂನಲ್ಲಿ, ಕಟ್ಟುನಿಟ್ಟಿನ ವಿಧಾನ ಇಲ್ಲದಿದ್ದಾಗ, ಒಳಗೆ ಹೋಗುವುದು ‘ಮಲ್ಲಿಕಾರ್ಜ’.