ಚಕ್ರಫಲಕಕ್ರೀಡಾಧಿಕಾರಿ ನಿರ್ಣಯ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸದೆ ಯಾವ ಶಾಸ್ತ್ರಕಾರನೂ ಮುಂದಕ್ಕೆ ಅಡಿಯಿಟ್ಟುದಿಲ್ಲ. ಪ್ರಕೃತ ವಿಷಯವು 1999ರಲ್ಲಿ ಅಮೆರಿಕದ ನೆವರ್‌ಸಾಫ್ಟ್ ಸಂಸ್ಥೆಯವರು ಪ್ಲೇಸ್ಟೇಷನ್ ಯಂತ್ರಕ್ಕೆಂದು ನಿರ್ಮಿಸಿದ ‘ಟೋನಿ ಹಾಕ್ಸ್ ಪ್ರೊ ಸ್ಕೇಟರ್’ ಎಂಬ ವಿಡಿಯೋ ಆಟ. ಪ್ರಯೋಜನವನ್ನು ಇನ್ನೂ ಹುಡುಕುತ್ತಿದ್ದೇವೆ. ಸಂಬಂಧವೆಂದರೆ ಯಂತ್ರಕ್ಕೂ ಆಟಗಾರನ ಕೈಗೂ ನಡುವಣ ತಂತಿ. ಉಳಿದುದು ಅಧಿಕಾರಿ; ಬಾಲಕರು ಈ ಆಟಕ್ಕೆ ಅರ್ಹರೋ ಅಲ್ಲವೋ ಎಂಬುದೇ ಇಲ್ಲಿ ವಿಚಾರ್ಯ.

ಪೂರ್ವಪಕ್ಷಿಯು ಹೀಗೆನ್ನುತ್ತಾನೆ: ಆಟಗಳ ವಯೋಯೋಗ್ಯತೆಯನ್ನು ನಿರ್ಣಯಿಸಲು 1994ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಇ.ಎಸ್.ಆರ್.ಬಿ. ಮಂಡಲಿಯು ಇದಕ್ಕೆ ‘ಟಿ’ ಮುದ್ರೆಯೊತ್ತಿ, ಹದಿಮೂರು ತುಂಬಿದವರಿಗೆ ಮಾತ್ರ ತಕ್ಕುದೆಂದು ಸಾರಿದೆ. ಇಲ್ಲಿ ಹಲಗೆಯಿಂದ ಬಿದ್ದವನ ಮೈಯಿಂದ ರಕ್ತ ಚಿಮ್ಮುತ್ತದೆ. ಮಯಾಮಿಯ ಶಾಲೆಯಲ್ಲಿ ಮೇಜುಗಳ ಅಂಚಿನ ಮೇಲೆ ಜಾರಬೇಕು, ಮಿನಿಯಾಪೊಲಿಸಿನಲ್ಲಿ ‘ಸ್ಕೇಟಿಂಗ್ ನಿಷೇಧಿಸಿದೆ’ ಎಂಬ ಫಲಕಗಳನ್ನು ಮುರಿಯಬೇಕು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೊಲೀಸರ ಕಾರುಗಳನ್ನೇ ಜಖಂಗೊಳಿಸಬೇಕು. ಇಂಥದು ಬಾಲಕರಿಗೆ ವರ್ಜ್ಯವಲ್ಲದೆ ಮತ್ತೇನು?

ಇದಕ್ಕೆ ಸಮಾಧಾನ. ನಿಷೇಧಫಲಕವನ್ನು ಮುರಿಯುವವನು ಅದನ್ನು ಗುರುತಿಸಬೇಕಷ್ಟೆ, ಗುರುತಿಸಲು ಓದಬೇಕು. ಮೇಲಾಗಿ ಗಾಳಿಯಲ್ಲಿ ತೇಲುವ ಐದು ಅಕ್ಷರಗಳನ್ನು ಎರಡೇ ನಿಮಿಷದೊಳಗೆ ಕೂಡಿಸಿ ‘ಸ್ಕೇಟ್’ ಎಂಬ ಪದವನ್ನು ಸಿದ್ಧಿಸಿಕೊಳ್ಳತಕ್ಕದ್ದೆಂಬ ವಿಧಿಯಿರುವುದರಿಂದ, ಅಕ್ಷರಾಭ್ಯಾಸದ ಇಷ್ಟು ತ್ವರಿತ ಪದ್ಧತಿಯನ್ನು ನಾವು ಯಾವ ಶಾಲೆಯಲ್ಲಿಯೂ ಕಂಡುದಿಲ್ಲ.

ಇನ್ನು ಅಧಿಕಾರ. ಹದಿಮೂರು ವರ್ಷವೆಂಬ ಲೆಕ್ಕವು ಪಂಚಾಂಗಕ್ಕೆ ಸೇರಿದ್ದು, ವೇದಾಂತಕ್ಕೆ ಸೇರಿದ್ದಲ್ಲ. ವೇದಾಂತಿಗಳು ಬೇಡುವ ಸಾಧನಚತುಷ್ಟಯವು ಬಾಲಕನಲ್ಲಿ ಪರಿಪೂರ್ಣವಾಗಿದೆ. ಗಾಯವು ಅನಿತ್ಯ, ಅಂಕವೇ ನಿತ್ಯವೆಂದು ಅವನು ಬಲ್ಲನಾದುದರಿಂದ ವಿವೇಕವುಂಟು. ಊಟದಲ್ಲಿ, ಸ್ನಾನದಲ್ಲಿ, ನಾಳಿನ ಪರೀಕ್ಷೆಯಲ್ಲಿ ಲೇಶವೂ ಆಸಕ್ತಿಯಿಲ್ಲವಾದುದರಿಂದ ವೈರಾಗ್ಯವುಂಟು. ತಾಯಿ ಮೂರು ಸಲ ಕೂಗಿದರೂ ಕಿವಿಯು ಬಾಹ್ಯವಿಷಯದ ಕಡೆ ಹೊರಳದು, ಇದು ಉಪರತಿ; ಬಿದ್ದಷ್ಟು ಸಲವೂ ಎದ್ದು ಹಲಗೆಯೇರುತ್ತಾನೆ, ಇದು ತಿತಿಕ್ಷೆ. ಮನೆಪಾಠದಿಂದ ಬಿಡುಗಡೆಯನ್ನು ಅವನಷ್ಟು ತೀವ್ರವಾಗಿ ಬಯಸುವ ಮುಮುಕ್ಷುವನ್ನು ಮಠಗಳಲ್ಲಿಯೂ ಹುಡುಕಬೇಕು. ತದ್ವಿರುದ್ಧವಾಗಿ, ಎರಡು ಸಲ ಬಿದ್ದೊಡನೆ ಯಂತ್ರವನ್ನೇ ದೂಷಿಸುವ ತಂದೆಯಲ್ಲಿ ಶಮವೂ ಇಲ್ಲ, ದಮವೂ ಇಲ್ಲ, ಅನಧಿಕಾರಿ ಅವನೇ.

‘ಇನ್ನೊಂದೇ ಸಲ’ ಎಂಬ ಬಾಲವಾಕ್ಯವು ಕಾಲನಿಯಮಕ್ಕೆ ವಿರುದ್ಧವಲ್ಲವೆ ಎಂದರೆ, ಇಲ್ಲಿ ಶಿಷ್ಟಾಚಾರವೇ ಪ್ರಮಾಣ. 1999ರ ಜೂನ್ 27ರಂದು ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್ ಗೇಮ್ಸ್ ಪಂದ್ಯದಲ್ಲಿ ಸಾಕ್ಷಾತ್ ಟೋನಿ ಹಾಕನು, ನಿಗದಿತ ಸಮಯ ಕಳೆದ ಮೇಲೂ ಬಿಡದೆ, ಬಿದ್ದು ಬಿದ್ದು ಮತ್ತೆ ಹಾರಿ, ಎರಡೂವರೆ ಸುತ್ತಿನ 900 ಡಿಗ್ರಿಯ ಪ್ರದಕ್ಷಿಣೆಯನ್ನು ಅಂತರಿಕ್ಷದಲ್ಲಿಯೇ ಮುಗಿಸಿ ನೆಲಕ್ಕಿಳಿದನು. ಆಗ ಆ ಮಹಾನುಭಾವನಿಗೆ ಮೂವತ್ತೊಂದು ವಯಸ್ಸು. ‘ಸಾಕು, ಮನೆಗೆ ನಡೆ’ ಎಂದು ಗದರಿಸಿದವರಾರೂ ಇಲ್ಲ, ನೆರೆದವರೆಲ್ಲ ಕೇಕೆ ಹಾಕಿದರು.

ಆದುದರಿಂದ ಬಾಲಕರಿಗೆ ಆಟವು ವಿಹಿತ. ತಂದೆಯರಿಗೆ ಬಾಲಕರ ಸನ್ನಿಧಿಯಲ್ಲಿ, ಅವರ ಅನುಜ್ಞೆ ಪಡೆದು ಮಾತ್ರ. ಅಂಗಳದ ನಿಜವಾದ ಹಲಗೆಗೆ ಈ ನಿರ್ಣಯವು ಅನ್ವಯಿಸದು, ಅಲ್ಲಿ ಎಲುಬು ಮುರಿದರೆ ಮರುಕ್ಷಣವೇ ಕೂಡಿಕೊಳ್ಳುವುದಿಲ್ಲ. ಆಟದೊಳಗೆ ದುರ್ಗಮ ಸ್ಥಾನಗಳಲ್ಲಿ ಅಡಗಿಸಿಟ್ಟಿರುವ ಗುಪ್ತ ಟೇಪಿನ ವಿಚಾರವನ್ನು ಗ್ರಂಥವಿಸ್ತರಭಯದಿಂದ ಕೈಬಿಟ್ಟಿದ್ದೇವೆ. ಅಲ್ಲಿಯವರೆಗೆ ಹಾರಲು ಪ್ರಬಂಧಕಾರನ ಹೆಬ್ಬೆರಳಿಗೆ ಶಕ್ತಿ ಸಾಲದೆ ಹೋಯಿತೆಂಬುದು ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ಕೆಲವು ಅಪ್ರಾಪ್ತವಯಸ್ಕರ ಮಾತಾದುದರಿಂದ ಪ್ರಮಾಣಕೋಟಿಗೆ ಸೇರದು.