ಮಿಸ್ತ್ರಿ ಕೇಳಿದ ಗಾಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರಲ್ಲಿ ನಮಗೆ ಬೀಗರಿದ್ದಾರೆ. ಬೀಗರಿಗಿಂತ ಹೆಚ್ಚು ಬಳಕೆ ಅಲ್ಲಿಯ ಮಿಸ್ತ್ರಿಗಳದು. ಕಾರಣ, 1998ರ ನಮ್ಮ ಮಾರುತಿ 800. ತಪ್ಪು ಗಾಡಿಯದಲ್ಲ, ವಯಸ್ಸಿನದು.

ಈ ಮಿಸ್ತ್ರಿಗಳದೊಂದು ಪದ್ಧತಿ. ಬಾನೆಟ್ ಎತ್ತಿದ ಕೂಡಲೇ ಎಂಜಿನ್ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. "ಇದಕ್ಕ ಹಿಂದ ಕೈ ಹಚ್ಚಿದಾಂವ ಯಾರ್ರೀ ಸರ?" ಇಂಡಿಯವನು ಕಾರ್ಬೋರೇಟರಿನ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿದ್ದರೆ ಸಿಂದಗಿಯವನು ಅರ್ಧ ಸುತ್ತು ಸಡಿಲು ಮಾಡುತ್ತಾನೆ. ಇಬ್ಬರಿಗೂ ರೊಕ್ಕ ಎಣಿಸುವವನು ನಾನು.

"ಅಲ್ರೀ, ಅದಕ್ಕ ಹಾಕಿದ ರೊಕ್ಕದಾಗ ಇಂಥಾವು ಎರಡು ಬರ್ತಿದ್ದೂವು" ಎನ್ನುತ್ತಾಳೆ ನನ್ನ ಮನೆಯಾಕೆ. ಸರಕಾರವೂ ಅವಳ ಪಕ್ಷ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ದಾಟಿದವಕ್ಕೆ 2025ರಲ್ಲಿ 10,000. ಮನುಷ್ಯನಿಗೆ ವಯಸ್ಸಾದರೆ ಬಸ್ ಟಿಕೆಟಿನಲ್ಲಿ ರಿಯಾಯಿತಿ, ಕಾರಿಗೆ ವಯಸ್ಸಾದರೆ ದಂಡ! ಇನ್ನು ಪೆಟ್ರೋಲು. ಇಂಡಿ ಬೀಗರ ಹೊಲದ ಕಬ್ಬು ಕಾರ್ಖಾನೆಗೆ ಹೋಗಿ, ಎಥೆನಾಲ್ ಆಗಿ, ಪೆಟ್ರೋಲಿನಲ್ಲಿ ಶೇ. 20ರಷ್ಟು ಬೆರೆತು ಬಂದು ಹಳೆಯ ಗಾಡಿಗಳ ರಬ್ಬರ್ ಪೈಪು ತಿನ್ನುತ್ತದಂತೆ. ಬೀಗರ ಮೇಲೆ ಮುನಿಸಿಕೊಳ್ಳಲು ಇಷ್ಟು ಆಧುನಿಕ ಕಾರಣ ಹಿಂದೆ ಯಾರಿಗೂ ಸಿಕ್ಕಿರಲಿಕ್ಕಿಲ್ಲ.

ಸರಿ, ಇತ್ತೀಚಿನದೊಂದು ಸೆಕೆಂಡ್ ಹ್ಯಾಂಡ್ ನೋಡೋಣವೆಂದು ಹೊರಟೆವು. ನಮ್ಮ ಕಡೆ ಮಾರಾಟಕ್ಕಿರುವ ಕಾರುಗಳೆಲ್ಲ ಡಾಕ್ಟರವೇ. ಆ ಡಾಕ್ಟರೆಲ್ಲ ವಾರಕ್ಕೊಮ್ಮೆ ಮಾತ್ರ ಗಾಡಿ ತೆಗೆಯುವವರು. ಸಿಂದಗಿಯಲ್ಲಿ ಕಂಡ ಬಿಳಿ ಕಾರಿಗೆ ಎದುರಿಗೊಂದು ಸಣ್ಣ ಟೀವಿ, ಹಿಂದೊಂದು ಕ್ಯಾಮೆರಾ. ಕಾಲಡಿಯ ಮ್ಯಾಟ್ ಎತ್ತಿದೆ. ಒಂದು ಪದರ ಎರಿ ಮಣ್ಣು, ಅದರಲ್ಲಿ ತೊಗರಿ ಕಾಳು. ಕೆಲವು ಮೊಳಕೆ ಒಡೆದಿದ್ದವು.

"ಡಾಕ್ಟರು ಒಕ್ಕಲುತನಾನೂ ಮಾಡ್ತಿದ್ರೇನ್ರಿ?" ಎಂದೆ. ಉತ್ತರ ಬರಲಿಲ್ಲ.

"ಗಾಡಿ ಕೆಟ್ಟರ?"

"ಕೆಡೂದಿಲ್ರಿ."

"ಅಪ್ಪಿತಪ್ಪಿ ಕೆಟ್ಟರ?"

"ವಿಜಯಪುರಕ್ಕ ಒಯ್ಯಬೇಕ್ರಿ. ಲ್ಯಾಪ್‌ಟಾಪ್ ಹಚ್ಚಿ ನೋಡ್ತಾರ."

ಇಲ್ಲೇ ನನ್ನ ಮನಸ್ಸು ಹಿಂದೆ ಸರಿಯಿತು. 1983ರಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಅದರ ರಿಪೇರಿ ಬಲ್ಲವರ ತಯಾರಿಕೆ ಮಾತ್ರ ನಿಂತಿಲ್ಲ. ಮುದ್ದೇಬಿಹಾಳದ ದಾರಿಯಲ್ಲಿ ನಮ್ಮ 796 ಸಿಸಿ, ಮೂರು ಸಿಲಿಂಡರಿನ ಮುದುಕ ಕೆಮ್ಮಿ ನಿಂತರೆ ಟ್ರ್ಯಾಕ್ಟರ್ ಹೊಡೆಯುವವನೇ ಇಳಿದು ಬಂದು ಪ್ಲಗ್ ಬಿಚ್ಚಿ, ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಕೂಡಿಸುತ್ತಾನೆ. ಮೂವರು ದಬ್ಬುತ್ತಾರೆ. ಅಷ್ಟರಲ್ಲಿ ಯಾರ ಮಗಳ ಮದುವೆ ಯಾವಾಗ ಎಂಬುದೂ ತಿಳಿದಿರುತ್ತದೆ. ಲ್ಯಾಪ್‌ಟಾಪಿಗೆ ಈ ಸುದ್ದಿ ಎಲ್ಲಿಂದ ಗೊತ್ತಾಗಬೇಕು?

ಆದರೂ ಮನೆಯಲ್ಲಿ ತಂಟೆ ಬೇಡವೆಂದು, ಬಾಗೇವಾಡಿಯ ಮಿಸ್ತ್ರಿ ಹೇಳಿದ್ದೇ ಕೊನೆಯ ಮಾತು ಎಂದು ಇಬ್ಬರೂ ಒಪ್ಪಿದೆವು. ಆತ ರೇಡಿಯೇಟರಿನ ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿಸಿದ. ನೀರಿನಲ್ಲಿ ಗುಳ್ಳೆ ಎದ್ದವು. ಆಯಿಲ್ ಕಡ್ಡಿ ಎಳೆದು, ಬೆರಳಿಗೆ ಸವರಿ, ಬಿಸಿಲಿಗೆ ಹಿಡಿದು ನೋಡಿದ.

"ಹೆಡ್ ಗ್ಯಾಸ್ಕೆಟ್ ಹೋಗೇತ್ರಿ. ಎಷ್ಟ ದಿನಾ ಅಂತ ರೊಕ್ಕಾ ಸುರೀತೀರಿ? ತಗದಬಿಡ್ರಿ."

ಕೈಗೆ ಬಂದ ಗಿರಾಕಿಯನ್ನು ತಾನೇ ಕಳಿಸುವ ಮಿಸ್ತ್ರಿಯನ್ನು ನಾನು ಕಂಡೇ ಇರಲಿಲ್ಲ. ಮನೆಯಾಕೆಯ ಮುಖ ಅರಳಿತು. ಆತ ಮೆಲ್ಲಗೆ ಹೆಗಲ ಮೇಲಿನ ಟವೆಲ್ ಇಳಿಸಿ, ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ಮಾಡುವವರ ಹಾಗೆ ನನ್ನ ಕೈಮೇಲೆ ಹೊದಿಸಿ, ಒಳಗೆ ನನ್ನ ಬೆರಳು ಹಿಡಿದ.

"ನಮ್ಮ ಹುಡುಗ ಕಾಲೇಜಿಗಿ ಹೊಂಟಾನ್ರಿ. ನನಗ ಕೊಟ್ಟಬಿಡ್ರಿ."

ಗಾಡಿಯ ಹೊಟ್ಟೆಯೊಳಗಿನದನ್ನೆಲ್ಲ ಬಲ್ಲವನು, ಹೆತ್ತ ಮಗನಿಗೆಂದು ಕೇಳುತ್ತಿದ್ದಾನೆ! ಇದಕ್ಕಿಂತ ದೊಡ್ಡ ಫಿಟ್‌ನೆಸ್ ಸರ್ಟಿಫಿಕೇಟನ್ನು ಯಾವ ಆರ್‌ಟಿಓ ಕೊಡಬಲ್ಲ?

"ಗ್ಯಾಸ್ಕೆಟ್ ತರಸ್ರಿ" ಎಂದೆ. ಟವೆಲ್ ಮತ್ತೆ ಹೆಗಲೇರಿತು.

"ಅಂವಾ ಎಷ್ಟ ಬೆರಳ ಹಿಡದಿದ್ದಾ, ಅದನ್ನರ ಹೇಳ್ರಿ" ಎಂದು ಮನೆಯಾಕೆ ಇಂದಿಗೂ ಕೇಳುತ್ತಾಳೆ. ಟವೆಲ್ಲಿನೊಳಗಿನ ರೇಟು ಹೊರಗೆ ಹೇಳುವ ರೂಢಿ ನಮ್ಮ ಕಡೆ ಇಲ್ಲ. ಹೇಳಿದರೆ ಅವಳೇ ಮಾರಿಬಿಟ್ಟಾಳು.