ಅಕ್ಷರ ಕೇಳಿದ ಕಪ್ಪೆ

ಬೋರ್ಡುಗಳ ಗಲಾಟೆ ನಿಮಗೆ ಗೊತ್ತೇ ಇದೆ. ನೂರಕ್ಕೆ 60 ಪಾಲು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂದಮೇಲೆ ನಾನು ಜೇಬಿನಲ್ಲಿ ಟೇಪು ಇಟ್ಟುಕೊಂಡೇ ತಿರುಗುತ್ತೇನೆ. ಮೊನ್ನೆ ಮಳೆ ನಿಂತಮೇಲೆ ಕಲಬುರಗಿಯ ಕುಸನೂರ ರಸ್ತೆಯಲ್ಲಿ ಹೊಸ ಬೋರ್ಡೊಂದು ಕಂಡಿತು. ಕನ್ನಡ ನೂರಕ್ಕೆ ನೂರು. ಬರೆದದ್ದು ಮಾತ್ರ ‘ಕುಸನೂರು’! ಆ ಕೊಂಬನ್ನು ಹತ್ತಿರದಿಂದ ನೋಡಲು ಹೋದವನು ನೇರ ಗುಂಡಿಗಿಳಿದೆ. ಗುಂಡಿಯ ಕಥೆ ಹೇಳಬೇಕಿಲ್ಲ, ಹೋದ ಮಳೆಗಾಲದ್ದೇ ಅದು. ಒಳಗೆ ಒಬ್ಬ ನಿವಾಸಿಯಿದ್ದ: ಹಳದಿ ಮೈ, ಗಂಟಲಿನ ಎರಡೂ ಬದಿಗೆ ನೀಲಿ ಬಲೂನು. ಗೂಳಿ ಕಪ್ಪೆ. ಪ್ಯಾಂಟು ಹೇಗೂ ತೊಯ್ದಿತ್ತು, ಸಂದರ್ಶನ ಶುರು ಮಾಡಿದೆ.

ನಾನು: ನಮಸ್ಕಾರ. ಮೇಲಿನ ಬೋರ್ಡಿನಲ್ಲಿ ‘ರ’ಕ್ಕೆ ಕೊಂಬು ಕೊಟ್ಟಿದ್ದಾರೆ, ನೋಡಿದಿರಾ?

ಕಪ್ಪೆ: ನಿಮಗ ಒಂದು ಕೊಂಬಿನ ಚಿಂತಿ, ನನಗ ಇಡೀ ಅಕ್ಷರದ ಚಿಂತಿ. ನಿನ್ನಿ ಯುನಿವರ್ಸಿಟಿ ಹುಡುಗ್ರಿಬ್ರು ಇಲ್ಲೇ ಗಾಡಿ ನಿಂದರಿಸಿ ಮೊಬೈಲ್ ನೋಡ್ಲಿಕತ್ತಿದ್ರು. ಚೀನಾದಾಗ ನಮ್ಮ ಮಂದಿಗಿ ಒಂದು ಅಕ್ಷರನೇ ಅದ ಅಂತ್ರಿ! ಮೂರು ಸಾವಿರ ವರ್ಷದ ಹಿಂದ ದನದ ಎಲುಬು, ಆಮಿ ಚಿಪ್ಪಿನ ಮ್ಯಾಲ ಬರೀತಿದ್ರಲ್ಲ, ಆಗಿಂದು. ಮ್ಯಾಲ ತಲಿ, ನಡುವ ಹೊಟ್ಟಿ, ಎರಡೂ ಬಾಜು ಕಾಲು. ಸಾಲಿ ಮೆಟ್ಟಲ ಹತ್ತಲಾರದವನಿಗೂ ಇದು ಕಪ್ಪಿ ಅಂತ ತಿಳೀತದ. ‘ಮೆಂಗ್’ ಅಂತ ಓದಿದ್ರ ಕಪ್ಪಿ. ಅದನ್ನೇ ‘ಮಿನ್’ ಅಂತ ಓದಿದ್ರ ಏನು ಅರ್ಥ ಗೊತ್ತದೇನ್ರಿ? ಕಷ್ಟಪಟ್ಟು ದುಡಿಯೋದು!

ನಾನು: ನೀವು ‘ಕಪ್ಪಿ’ ಅಂದಿರಿ. ಅಚ್ಚಿನಲ್ಲಿ ಹಾಗೇ ಬಿಡುತ್ತೇನೆ. ಬೆಂಗಳೂರಿನವರು ಅದನ್ನೂ ತಿದ್ದಿಯಾರು. ರಾಯಚೂರ ಅಂದರೂ ರಾಯಚೂರು ಅಂತಲೇ ಬರೆಯುತ್ತಾರಲ್ಲವೇ?

ಕಪ್ಪೆ: ನಾ ಚೀನಾದಾಗ ಇದ್ದೀನಿ, ನೀವು ರಾಯಚೂರಿಗಿ ಹೊಂಟ್ರಿ.

ನಾನು: ಸರಿ. ಆದರೆ ಆ ‘ದುಡಿಮೆ’ ನಿಮ್ಮ ಗುಣ ನೋಡಿ ಕೊಟ್ಟ ಬಿರುದಲ್ಲ. ಚಿತ್ರ ಬರೆಯಲಾಗದ ಮಾತಿಗೆ ಹೆಚ್ಚುಕಡಿಮೆ ಅದೇ ಸದ್ದಿನ ಬೇರೆ ಚಿತ್ರವನ್ನು ಎರವಲು ತರುವುದು ಅವರ ರೂಢಿ. ದುಡಿಮೆಗೆ ಮುಖ ಇಲ್ಲ, ನಿಮಗಿತ್ತು. ತಗೊಂಡರು.

ಕಪ್ಪೆ: ಆಗಲಿ ಬಿಡ್ರಿ, ಸಾಲ ಕೊಟ್ಟಾವ ನಾನೇ ಅಲ್ಲ? ನನ್ನ ಹತ್ರ ಇತ್ತು, ಅದಕ್ಕ ಕೇಳಿದ್ರು. 1716ರ ಕಾಂಗ್‌ಶಿ ನಿಘಂಟಿನ್ಯಾಗ 214 ಮೂಲಾಕ್ಷರ ಅದಾವ, ನನ್ನ ನಂಬರ್ 205. ಹಗ್ಗ ಅಂತ ಬರೀಬೇಕಾದ್ರ ನಾ ಬೇಕು, ನೊಣ ಅಂತ ಬರೀಬೇಕಾದ್ರೂ ನಾ ಬೇಕು. ಅಲ್ಲಿ ನೊಣದ ಹೊಟ್ಟ್ಯಾಗ ಕಪ್ಪಿ! ಇಲ್ಲಿ ನನಗೇನು ಸಿಕ್ಕದ? ಕೂಪಮಂಡೂಕ. ತಕ್ಕಡ್ಯಾಗಿನ ಕಪ್ಪಿ. ವಟಗುಟ್ಟೋದು.

ನಾನು: ಬಾವಿ ಕಪ್ಪೆಯ ಕಥೆ ಚೀನಾದಲ್ಲೂ ಇದೆ. ಜುವಾಂಗ್‌ಜಿ ಪುಸ್ತಕದಲ್ಲಿ ಒಬ್ಬ ಬಾವಿ ಕಪ್ಪೆ ಕಡಲಾಮೆಯ ಮುಂದೆ ಜಂಬ ಕೊಚ್ಚಿ...

ಕಪ್ಪೆ: ಅದು ಬಿಡ್ರಿ.

ನಾನು: ಮಳೆ ಬರಲೆಂದು ನಿಮಗೆ ಮದುವೆ ಮಾಡುತ್ತಾರಲ್ಲ?

ಕಪ್ಪೆ: ಊಟ ಛಲೋ ಇತ್ತು. ಅಕ್ಷರಕ್ಕ ಬರ್ರಿ.

ನಾನು: ಹಾವಿನ ಕಾಟ?

ಕಪ್ಪೆ: ಅವನ ಹೊಟ್ಟಿಪಾಡು ಅವನಿಗಿ. ಈ ಒಂದು ಕುಸನೂರದಾಗ ನನಗ ಎಷ್ಟು ಹೆಸರು ಎಣಿಸ್ರಿ. ನೀವು ಕಪ್ಪಿ ಅಂತೀರಿ. ತೆಲುಗಿನವರು ಕಪ್ಪ. ಮರಾಠಿಯವರು ಬೇಡೂಕ. ಉರ್ದು ಮಂದಿ ಮೇಂಡಕ. ಪೂಜಾರಿ ಬಂದ್ರ ಮಂಡೂಕ. ಋಗ್ವೇದದ ಏಳನೇ ಮಂಡಲದಾಗ ನಮ್ಮ ಮ್ಯಾಲ ಒಂದು ಸೂಕ್ತನೇ ಅದ, ವೇದ ಹೇಳೋರ ದನಿಯಂಗ ನಮ್ಮ ದನಿ ಅಂತ. ಬಾದಾಮಿ ಬಂಡಿ ಮ್ಯಾಲ 1300 ವರ್ಷದ ಹಿಂದ ತ್ರಿಪದಿಯೊಳಗ ನಮ್ಮವನ ಹೆಸರು ಕೆತ್ತ್ಯಾರ.

ನಾನು: ಅವನು ಕಪ್ಪೆ ಅರಭಟ್ಟ. ಒಬ್ಬ ವೀರ. ನಿಮ್ಮ ಪೈಕಿ ಅಲ್ಲ.

ಕಪ್ಪೆ: ನಮ್ಮಾಗ ವೀರರು ಇರಬಾರದೇನು? ಇನ್ನೊಂದು ಹೇಳ್ತೀನಿ. 2014ರಾಗ ಉತ್ತರ ಕನ್ನಡದ ಒಂದು ಕಪ್ಪಿಗಿ ‘ಕುಂಬಾರ’ ಅಂತ ಶಾಸ್ತ್ರದ ಹೆಸರಿಟ್ರು. ತತ್ತಿಗಿ ಮಣ್ಣು ಮೆತ್ತತದಂತ. ಅದರ ಮ್ಯಾಲ ಸಿನಿಮಾನೂ ಬಂತು. ಅದೇ 2014ರಾಗ ಗುಲಬರ್ಗಾಕ್ಕ ಕಲಬುರಗಿ ಅಂತ ಹೆಸರು ಬಂತು. ನನಗೇನು ಬಂತ್ರಿ? ಮಲೆನಾಡಿನ ಕಪ್ಪಿಗಿ ಕ್ಯಾಮೆರಾ, ನಮಗ ಟೆಂಪೋ ಗಾಲಿ. ಅವು ವರ್ಷವೆಲ್ಲ ತೊಯ್ಕೋತ ಇರ್ತಾವ. ನಾವು ಯರಿ ಮಣ್ಣಿನ್ಯಾಗ ಹೂತ್ಕೊಂಡು ತಿಂಗಳುಗಟ್ಟಲೆ ಉಸಿರು ಹಿಡೀತೀವಿ. ಈ ಭಾಗದ ಮಂದಿಗಿ ಇರೋ 371 ಜೆ ಮೀಸಲಾತಿ ಕಪ್ಪಿಗೂ ಹಚ್ರಿ ಮೊದಲ!

ನಾನು: ಸಮಾಧಾನ. ‘ಕಪ್ಪೆ’ ಅಂತ ಬರೆದು ನೋಡಿ. ಪ ಕೆಳಗಿನ ಒತ್ತು ಕಾಲು ಮಡಚಿ ಕೂತ ಹಾಗೇ ಇಲ್ಲವೇ? ನಿಮ್ಮ ಚೀನಾದ ಅಕ್ಷರಕ್ಕೆ ಈಗ ಅಷ್ಟೂ ಇಲ್ಲ. ಹೋದ ಶತಮಾನದಲ್ಲಿ ಸರಕಾರ ಲಿಪಿ ಸರಳ ಮಾಡಿತು. 13 ಗೆರೆಯ ಅಕ್ಷರ 8 ಗೆರೆಗೆ ಇಳಿಯಿತು. ಈಗ ಮೇಲೆ ಬಾಯಿ, ಕೆಳಗೆ ವಿದ್ಯುತ್ತಿನ ಅಕ್ಷರದ್ದೇ ಆಕಾರ. ಬಾಯಿ ಉಳಿಸಿ ಕರೆಂಟು ಕೊಟ್ಟರು, ಕಾಲು ಕತ್ತರಿಸಿದರು.

ನೀಲಿ ಬಲೂನು ಎರಡೂ ಇಳಿದವು.

ಕಪ್ಪೆ: ಕಾಲು ಅಂದ್ರಿ?

ನಾನು: ಅಕ್ಷರದ್ದು.

ಕಪ್ಪೆ: 1987ರಾಗ ಬಂದ್ ಆಗೋ ತನಕ ಈ ದೇಶದಿಂದ ನಮ್ಮ ಹಿಂಗಾಲು ಹಡಗು ಹತ್ತಿ ಯುರೋಪಿಗಿ, ಅಮೆರಿಕಾಕ್ಕ ಹೋಗ್ತಿದ್ವು. ಜೀವ ಇದ್ದಾಗನೇ ಎರಡು ಕಾಲು ಕೊಯ್ದು ಉಳಿದದ್ದು ಒಗೀತಿದ್ರು. ಉಳಿದದ್ದು ಅಂದ್ರ ಕಣ್ಣು ಬಿಟ್ಕೊಂಡು ನೋಡೋ ಮೈ. ನಾವು ಕಮ್ಮಿ ಆದ್ವಿ, ಹುಳ ಹೆಚ್ಚಾದ್ವು. ಹುಳಕ್ಕ ಎಣ್ಣಿ ಹೊಡದ್ರಿ. ತೊಗರಿ ಹೊಲದ ಎಣ್ಣಿ ಮಳಿ ಕೂಡ ನೀರಿಗಿ ಬಂತು. ನೀರಾಗ ನಮ್ಮ ಮರಿ ಇದ್ವು. ಬಾವಿ ಕಪ್ಪಿ ಅಂತೀರಲ್ಲ, ಒಂದು ಬಾವಿ ತೋರಿಸ್ರಿ. ಬೋರ್ ಹೊಡೆಸಿ ಬಾವಿ ಬತ್ತಿಸಿದ್ರಿ, ಬತ್ತಿದ್ದಕ್ಕ ಕಸ ತುಂಬಿದ್ರಿ, ಕಸದ ಮ್ಯಾಲ ಮುರುಮು ಹಾಕಿ ಪ್ಲಾಟ್ ಮಾಡಿ ಮಾರಿದ್ರಿ. ನಮ್ಮ ಹೆಣ್ಮಕ್ಕಳು ರಸ್ತಾದ ಕುಣ್ಯಾಗ ತತ್ತಿ ಇಡ್ಲಿಕತ್ತಾರ. ಬಾವಿ ಹೋಯ್ತು. ಬೈಗುಳ ಒಂದು ಜೋಪಾನ ಮಾಡೀರಿ.

ಟೇಪು ಕೈಯಲ್ಲೇ ಇತ್ತು. ಜೇಬಿಗೆ ಹಾಕಿದೆ. ಹಿಂದೆ ಟೆಂಪೋ ಒಂದು ಹಾರ್ನ್ ಹೊಡೆಯುತ್ತಿತ್ತು. ಕಪ್ಪೆ ಗುಂಡಿಯ ಆ ದಡಕ್ಕೆ ಸರಿಯಿತು.

ನಾನು: ಕೊನೆಯದೊಂದು ಪ್ರಶ್ನೆ. ನಿಮ್ಮ ಊರು ಕುಸನೂರವೋ ಕುಸನೂರೋ?

ಕಪ್ಪೆ ನನ್ನನ್ನೇ ಸ್ವಲ್ಪ ಹೊತ್ತು ನೋಡಿತು. ಆಮೇಲೆ ಬಲೂನು ಉಬ್ಬಿಸಿ ‘ವಟರ್ರ’ ಎಂದು ನೀರಿಗೆ ಬಿತ್ತು.

ಕೊಂಬು ಇರಲಿಲ್ಲ. ಬರೆದುಕೊಂಡೆ.